ಲಾಘವವೂ ಸೌಕರ್ಯವೂ

ಆಟದ ಸಾಮಾನಿನ ವಿಷಯದಲ್ಲಿ ವಯಸ್ಕರು ಅಸಮಾಧಾನಪಟ್ಟರೆಂಬ ಮಾತು ಮೊದಲು ಕೇಳುವವರಿಗೆ ನಗೆಯನ್ನುಂಟುಮಾಡುವಂಥದು. ಆಟಿಕೆ ಮಕ್ಕಳ ಸ್ವತ್ತು. ಅದು ಹಿತವಾಯಿತೇ ಇಲ್ಲವೇ ಎಂಬುದನ್ನು ಹೇಳತಕ್ಕವರು ಮಕ್ಕಳು. ಸಂಸಾರದ ಹೊರೆ ಹೊತ್ತು, ಉದ್ಯೋಗದಲ್ಲಿ ನೆಲೆ ನಿಂತ ನಲವತ್ತು ವರ್ಷದ ಗೃಹಸ್ಥನೊಬ್ಬನು ಮಕ್ಕಳ ಇಟ್ಟಿಗೆಗಳ ಪೆಟ್ಟಿಗೆಯನ್ನು ತೆರೆದು ನೋಡಿ, ಇದು ಅತಿಯಾಗಿ ಸುಲಭವಾಯಿತೆಂದು ಮುಖ ಬಾಡಿಸಿಕೊಂಡರೆ, ಲೋಕವು ಅವನನ್ನು ಕನಿಕರದಿಂದ ನೋಡುವುದೇ ಹೊರತು ಅವನ ಮಾತನ್ನು ವಿಚಾರಕ್ಕೆ ಎತ್ತಿಕೊಳ್ಳುವುದಿಲ್ಲ. ಆದರೆ ಸಣ್ಣ ವಸ್ತುವನ್ನು ಕುರಿತ ದೂರಿನಲ್ಲಿ ದೊಡ್ಡ ಪ್ರಶ್ನೆಯೊಂದು ಅಡಗಿರುವುದುಂಟು. ಕಳೆದ ಶತಮಾನದ ಕೊನೆಯಲ್ಲಿ ಯೂರೋಪು ಅಮೆರಿಕಾಗಳ ಹವ್ಯಾಸಿಗಳಲ್ಲಿ ಹುಟ್ಟಿದ ಇಂಥದೊಂದು ಅಸಮಾಧಾನವು, ಕಲಿಸುವ ಹೊಣೆ ಹೊತ್ತವರೆಲ್ಲರಿಗೂ ಸಂಬಂಧಪಟ್ಟ ಪ್ರಶ್ನೆಯನ್ನೇ ಎತ್ತುತ್ತದೆ. ಕಿರಿಯರಿಗೋಸ್ಕರ ಒಂದು ವಸ್ತುವನ್ನು ಎಲ್ಲಿಯವರೆಗೆ ಸುಲಭಪಡಿಸಬಹುದು? ಎಲ್ಲಿಂದಾಚೆಗೆ ಆ ಉಪಕಾರವೇ ಅಪಚಾರವಾಗುತ್ತದೆ?

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಮುಂಚೆ, ಕಟ್ಟುವ ಆಟಿಕೆಯೆಂದರೆ ಏನೆಂಬುದನ್ನು ತಿಳಿದುಕೊಳ್ಳಬೇಕು. ಬೊಂಬೆಯೂ ಬುಗುರಿಯೂ ಸಿದ್ಧವಾದ ವಸ್ತುಗಳು; ಮಗುವು ಅವುಗಳೊಡನೆ ಆಡುತ್ತದೆ. ಕಟ್ಟುವ ಆಟಿಕೆಯಾದರೋ ಸಿದ್ಧವಸ್ತುವಲ್ಲ, ಸಾಧನ. ಆಟಿಕೆಯನ್ನು ಮಾಡಿಕೊಳ್ಳುವ ಕೆಲಸವೇ ಅಲ್ಲಿ ಆಟ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಮಾಂಸದ ಆಮದು ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಿದ್ದ ಫ್ರಾಂಕ್ ಹಾರ್ನ್‌ಬಿ ಎಂಬಾತನು ತನ್ನ ಮಕ್ಕಳಿಗೋಸ್ಕರ ಲೋಹದ ತಗಡನ್ನು ಪಟ್ಟಿಗಳಾಗಿ ಕತ್ತರಿಸಿ, ಸಮಾನವಾದ ಅಂತರದಲ್ಲಿ ತೂತುಗಳನ್ನು ಕೊರೆದು, ನಟ್ಟು ಬೋಲ್ಟುಗಳಿಂದ ಜೋಡಿಸುವ ಆಟವನ್ನು ಕಲ್ಪಿಸಿ, ೧೯೦೧ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಯಂತ್ರಶಾಸ್ತ್ರವನ್ನು ಸುಲಭಪಡಿಸಿದ್ದು ಎಂಬರ್ಥದ ಹೆಸರನ್ನೇ ಅವನು ಮೊದಲು ಅದಕ್ಕೆ ಇಟ್ಟಿದ್ದನು. ಕೆಲವು ವರ್ಷಗಳ ಮೇಲೆ ಅದು ಮೆಕ್ಯಾನೊ ಎಂದು ಜಗತ್ಪ್ರಸಿದ್ಧವಾಯಿತು. ತೂತಿನಿಂದ ತೂತಿಗೆ ಅರ್ಧ ಅಂಗುಲ. ಇಡೀ ಆಟಕ್ಕೆ ಆಧಾರವಾದ ನಿಯಮವು ಇಷ್ಟೇ. ಈ ಒಂದು ನಿಯಮವನ್ನು ಪಾಲಿಸಿದರೆ ಯಾವ ಪಟ್ಟಿಯನ್ನಾದರೂ ಯಾವ ಪಟ್ಟಿಗಾದರೂ ಸೇರಿಸಬಹುದು.

ಈ ಸುಲಭವು ಎಷ್ಟು ದೂರ ಹೋಗಬಲ್ಲುದಾಗಿತ್ತೆಂಬುದಕ್ಕೆ ಒಂದು ನಿದರ್ಶನವುಂಟು. ಅಮೆರಿಕಾದಲ್ಲಿ ವನೆವರ್ ಬುಷ್ ಎಂಬ ವಿದ್ವಾಂಸನು ಕಲನಗಣಿತದ ಸಮೀಕರಣಗಳನ್ನು ಗಾಲಿ ಹಲ್ಲುಗಾಲಿಗಳ ಚಲನೆಯಿಂದ ಬಿಡಿಸುವ ಮಹಾಯಂತ್ರವೊಂದನ್ನು ೧೯೩೧ರ ವೇಳೆಗೆ ನಿರ್ಮಿಸಿದ್ದನು. ಮ್ಯಾಂಚೆಸ್ಟರಿನ ಡಗ್ಲಸ್ ಹಾರ್ಟ್ರೀ ಎಂಬ ಪ್ರಾಧ್ಯಾಪಕನು ಅದನ್ನು ಕಂಡುಬಂದು, ೧೯೩೪ರಲ್ಲಿ ತನ್ನ ಶಿಷ್ಯನಾದ ಆರ್ಥರ್ ಪೋರ್ಟರನೊಡನೆ ಅದೇ ತತ್ತ್ವದ ಚಿಕ್ಕ ಯಂತ್ರವನ್ನು ಬಹುಪಾಲು ಮೆಕ್ಯಾನೊ ಭಾಗಗಳಿಂದಲೇ ಕಟ್ಟಿದನು. ತಗಲಿದ ವೆಚ್ಚ ಸುಮಾರು ಇಪ್ಪತ್ತು ಪೌಂಡು. ಮಕ್ಕಳ ಪೆಟ್ಟಿಗೆಯಿಂದ ಹುಟ್ಟಿದ ಆ ಯಂತ್ರವು ಪರಮಾಣುವಿನ ರಚನೆಗೆ ಸಂಬಂಧಿಸಿದ ನಿಜವಾದ ಗಣಿತವನ್ನು ಮಾಡಿತು. ಅದರ ಒಂದು ಭಾಗವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ. ಬಾಲಕನಿಗೆ ಕೊಟ್ಟ ಸಾಧನವೇ ಪ್ರಾಧ್ಯಾಪಕನಿಗೂ ಸಾಕಾಯಿತು. ಬಾಲಕನಿಗೆಂದು ಅದನ್ನು ಸುಲಭಪಡಿಸಿದಾಗ, ಪ್ರಾಧ್ಯಾಪಕನಿಗೆ ಬೇಕಾದುದನ್ನು ಅದರಿಂದ ಕಿತ್ತುಹಾಕಿರಲಿಲ್ಲವೆಂಬುದೇ ಇದರಿಂದ ತಿಳಿಯತಕ್ಕ ಮುಖ್ಯಾಂಶ.

ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಹುಟ್ಟಿದ ಲೆಗೊ ಎಂಬ ಆಟಿಕೆಯ ಚರಿತ್ರೆಯೂ ಇಂಥದೇ. ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿಯು ೧೯೩೨ರಲ್ಲಿ, ದುರ್ಭಿಕ್ಷದಂಥ ಕಾಲದಲ್ಲಿ, ಮರದ ಆಟಿಕೆಗಳನ್ನು ಮಾಡಲಾರಂಭಿಸಿದನು. ಚೆನ್ನಾಗಿ ಆಡು ಎಂಬರ್ಥದ ಎರಡು ಡೇನಿಷ್ ಪದಗಳನ್ನು ಕೂಡಿಸಿ ೧೯೩೪ರಲ್ಲಿ ತನ್ನ ಉದ್ಯಮಕ್ಕೆ ಹೆಸರಿಟ್ಟನು. ಮುಂದೆ ಪ್ಲಾಸ್ಟಿಕ್ ಇಟ್ಟಿಗೆಗಳು ಬಂದವು. ಅವುಗಳ ಮೇಲ್ಗಡೆ ಗುಬುಟುಗಳಿದ್ದವು. ಆದರೆ ಒಳಗೆ ಬರಿದಾಗಿದ್ದುದರಿಂದ ಕಟ್ಟಿದ್ದು ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ೧೯೫೮ರ ಜನವರಿ ೨೮ರಂದು, ಇಟ್ಟಿಗೆಯ ಒಡಲಲ್ಲಿ ಕೊಳವೆಗಳನ್ನಿಟ್ಟು ಕೆಳಗಿನ ಗುಬುಟುಗಳನ್ನು ಹಿಡಿಯುವಂತೆ ಮಾಡುವ ಉಪಾಯಕ್ಕೆ ಹಕ್ಕುಪತ್ರವನ್ನು ಕೋರಲಾಯಿತು. ಆ ವರ್ಷದ ಇಟ್ಟಿಗೆಯು ಇಂದು ಅಚ್ಚಿನಿಂದ ಹೊರಬಿದ್ದ ಇಟ್ಟಿಗೆಯೊಡನೆ ಇಂದಿಗೂ ಕೂಡುತ್ತದೆ. ಅಜ್ಜನ ಪೆಟ್ಟಿಗೆಯ ತುಂಡು ಮೊಮ್ಮಗನ ಮನೆಯ ಗೋಡೆಗೆ ಸೇರುವುದೆಂದರೆ ಆಟಿಕೆಗಳ ಲೋಕದಲ್ಲಿ ಸಾಮಾನ್ಯವಾದ ಗುಣವಲ್ಲ.

ಇಂಥ ಇಟ್ಟಿಗೆಯಲ್ಲಿ ಅಡಗಿರುವ ಶಕ್ತಿಯನ್ನು ಗಣಿತವು ತೋರಿಸಿಕೊಟ್ಟಿದೆ. ಎಂಟು ಗುಬುಟುಗಳುಳ್ಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ಇಪ್ಪತ್ತನಾಲ್ಕು ಬಗೆಯಾಗಿ ಜೋಡಿಸಬಹುದು. ಮೂರನ್ನು ಸಾವಿರದ ಅರುವತ್ತು ಬಗೆಯಾಗಿ. ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದೆಂಬುದಕ್ಕೆ, ಬಹುಕಾಲ ೧೦,೨೯,೮೧,೫೦೦ ಎಂಬ ಸಂಖ್ಯೆಯು ಪ್ರಚಾರದಲ್ಲಿತ್ತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸೋರೆನ್ ಐಲರ್ಸ್ ಎಂಬ ಗಣಿತಜ್ಞನು ಮತ್ತೆ ಲೆಕ್ಕಹಾಕಿ, ಅದು ಒಂದರ ಮೇಲೊಂದಾಗಿ ಆರು ಅಂತಸ್ತಿಗೆ ಏರುವ ಗೋಪುರಗಳ ಲೆಕ್ಕ ಮಾತ್ರವೆಂದೂ, ಅಡ್ಡಡ್ಡಲಾಗಿ ಹರಡುವ ಜೋಡಣೆಗಳನ್ನೆಲ್ಲ ಸೇರಿಸಿದರೆ ನಿಜವಾದ ಸಂಖ್ಯೆ ೯೧,೫೧,೦೩,೭೬೫ ಎಂದೂ ತೋರಿಸಿದನು. ತಯಾರಕರೇ ತಮ್ಮ ಆಟಿಕೆಯ ಶಕ್ತಿಯನ್ನು ಒಂಬತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಅಳೆದಿದ್ದರೆಂದಾಯಿತು.

ಸಂಸ್ಕೃತ ವ್ಯಾಕರಣವನ್ನು ಬಲ್ಲವರಿಗೆ ಇದು ಅಪರಿಚಿತವಾದ ಮಹಿಮೆಯಲ್ಲ. ಸುಮಾರು ಎರಡು ಸಾವಿರ ಧಾತುಗಳು, ಪರಿಮಿತವಾದ ಪ್ರತ್ಯಯಗಳು, ಸುಮಾರು ನಾಲ್ಕು ಸಾವಿರ ಸೂತ್ರಗಳು. ಇಷ್ಟರಿಂದ ಪಾಣಿನಿಯು ಅಪಾರವಾದ ಶಬ್ದರಾಶಿಯನ್ನು ಸಾಧಿಸಿಕೊಟ್ಟನು. ಒಂದು ಅಕ್ಷರ ಉಳಿದರೂ ವೈಯಾಕರಣರಿಗೆ ಹಬ್ಬ. ಈ ಗುಣಕ್ಕೆ ಶಾಸ್ತ್ರಕಾರರು ಲಾಘವವೆಂದು ಹೆಸರಿಟ್ಟಿದ್ದಾರೆ. ಲಾಘವವೆಂದರೆ ಸಾಧನವು ಅಲ್ಪವಾಗಿದ್ದು ಸಾಧ್ಯವು ಅನಂತವಾಗಿರುವುದು. ಇದಕ್ಕೆ ಹೊರನೋಟದಲ್ಲಿ ಹೋಲುವ, ಆದರೆ ಒಳಗೆ ವಿರುದ್ಧವಾದ ಮತ್ತೊಂದು ಗುಣವುಂಟು. ಸುಕರವಾದುದರ ಭಾವವು ಸೌಕರ್ಯ, ಮಾಡುವುದಕ್ಕೆ ಕಷ್ಟವಿಲ್ಲದಿರುವಿಕೆ. ಲಾಘವದಲ್ಲಿ ನಿಯಮವು ಹಗುರವಾಗುತ್ತದೆ, ಮಾಡುವವನ ಬುದ್ಧಿಗೆ ಕೆಲಸ ಉಳಿಯುತ್ತದೆ. ಸೌಕರ್ಯದಲ್ಲಿ ಮಾಡುವವನ ಕೆಲಸವೇ ಹಗುರವಾಗಿ, ಕಡೆಗೆ ಇಲ್ಲವಾಗುತ್ತದೆ. ಎರಡನ್ನೂ ಲೋಕವು ಸುಲಭವೆಂಬ ಒಂದೇ ಮಾತಿನಿಂದ ಕರೆಯುವುದರಿಂದ ಗೊಂದಲವು ಹುಟ್ಟುತ್ತದೆ. ಚುಕ್ಕಿಯಿಟ್ಟು ರಂಗೋಲಿ ಹಾಕುವುದೂ ಸುಲಭ, ತೂತು ಕೊರೆದ ತಗಡಿನ ಮೇಲೆ ಪುಡಿ ಸುರಿದು ರಂಗೋಲಿ ಇಳಿಸುವುದೂ ಸುಲಭ. ಆದರೆ ಮೊದಲನೆಯದರಿಂದ ಹೆಣ್ಣುಮಗಳಿಗೆ ನಾಳೆ ಹೊಸದೊಂದು ರಂಗೋಲಿ ಹೊಳೆಯಬಹುದು, ಎರಡನೆಯದರಿಂದ ನಾಳೆಯೂ ಅದೇ ರಂಗೋಲಿ.

ಇನ್ನು ಹವ್ಯಾಸಿಗಳ ದೂರನ್ನು ಕೇಳಬಹುದು. ಕಳೆದ ಶತಮಾನದ ಕೊನೆಯ ದಶಕದಲ್ಲಿ, ದೃಶ್ಯಾಟಗಳೂ ಗಣಕಯಂತ್ರಗಳೂ ಮನೆಮನೆಗೆ ಬಂದು, ಮಕ್ಕಳಿಗೆ ಈಗ ಕುಳಿತು ಕಟ್ಟುವಷ್ಟು ಸಹನೆಯಿಲ್ಲವೆಂಬ ಎಣಿಕೆಯು ಆಟಿಕೆಯ ತಯಾರಕರಲ್ಲಿ ಹಬ್ಬಿತು. ಲೆಗೊ ಸಂಸ್ಥೆಯು ೧೯೯೭ರ ಸುಮಾರಿಗೆ ತನ್ನ ಪಟ್ಟಣಮಾಲೆಯ ಪೆಟ್ಟಿಗೆಗಳನ್ನು ಎಳೆಯರಿಗಾಗಿ ಸರಳಗೊಳಿಸಿತು. ಹಿಂದೆ ಹತ್ತಾರು ತುಂಡುಗಳಿಂದ ಕಟ್ಟಬೇಕಾಗಿದ್ದ ಬಂಡಿಯ ಅಡಿಭಾಗವು ಒಂದೇ ತುಂಡಾಗಿ ಬಂದಿತು. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಏರಿಸುತ್ತಿದ್ದ ಗೋಡೆಯ ಬದಲಿಗೆ ಅಚ್ಚಿನಲ್ಲೆರೆದ ಇಡೀ ಗೋಡೆ ಬಂದಿತು. ೨೦೦೧ರಲ್ಲಿ ಜಾಕ್ ಸ್ಟೋನ್ ಎಂಬ ಕಥಾನಾಯಕನ ಹೆಸರಿನ ಮಾಲೆಯು, ನಾಲ್ಕು ವರ್ಷ ಮೀರಿದ ಮಕ್ಕಳಿಗೆಂದು, ಇನ್ನೂ ದೊಡ್ಡ ತುಂಡುಗಳೊಡನೆ, ಹಿಂದಿನ ಪುಟ್ಟ ಮನುಷ್ಯಾಕೃತಿಗಳಿಗಿಂತ ದೊಡ್ಡದಾದ ಬೇರೆ ಆಕೃತಿಗಳೊಡನೆ ಹೊರಟಿತು. ಪೆಟ್ಟಿಗೆಯನ್ನು ತೆರೆದ ಕೆಲವು ನಿಮಿಷಗಳಲ್ಲಿ ವಾಹನವು ಸಿದ್ಧ. ಬಾಲ್ಯದಲ್ಲಿ ಈ ಇಟ್ಟಿಗೆಗಳೊಡನೆ ಬೆಳೆದು, ನಡುವಯಸ್ಸಿನಲ್ಲಿ ಮರಳಿ ಅದೇ ಹವ್ಯಾಸಕ್ಕೆ ಬಂದಿದ್ದ ವಯಸ್ಕರು ಇದನ್ನು ಕಂಡು ನಿರಾಶರಾದರು. ಕಿರಿಯರಿಗೆ ತಕ್ಕಂತೆ ಇಳಿಸುವುದೆಂಬರ್ಥದ ಜೂನಿಯರೈಸೇಶನ್ ಎಂಬ ಪದವನ್ನು ಅವರು ನಿಂದೆಯ ಮಾತಾಗಿ ಬಳಸತೊಡಗಿದರು. ಅವರ ಅಭಿಪ್ರಾಯಕ್ಕನುಸಾರವಾಗಿ ಕನ್ನಡದಲ್ಲಿ ಅದನ್ನು ಬಾಲೀಕರಣವೆನ್ನದೆ ಬಾಲಿಶೀಕರಣವೆನ್ನುವುದೇ ಯುಕ್ತವಾದೀತು.

ಈ ದೂರಿಗೆ ಎರಡು ಆಕ್ಷೇಪಣೆಗಳನ್ನು ಹೇಳಬಹುದು. ಎರಡೂ ಬಲವಾದವುಗಳೇ.

ಮೊದಲನೆಯದು ಅಧಿಕಾರಿಭೇದವನ್ನು ಆಶ್ರಯಿಸಿದುದು. ಎಲ್ಲರಿಗೂ ಒಂದೇ ಪಾಠವು ಸಲ್ಲದು. ನಾಲ್ಕು ವರ್ಷದ ಮಗುವಿನ ಬೆರಳಿಗೆ ಸಣ್ಣ ತುಂಡುಗಳು ಒಗ್ಗುವುದಿಲ್ಲ; ಅದರ ಮನಸ್ಸು ಗಂಟೆಗಟ್ಟಲೆ ಒಂದು ಕಡೆ ನಿಲ್ಲುವುದಿಲ್ಲ. ಅದಕ್ಕೆ ಸುಲಭವಾದುದನ್ನು ಕೊಟ್ಟರೆ ನಲವತ್ತು ವರ್ಷದವನಿಗೇಕೆ ಸಂಕಟ? ಅಕ್ಷರಾಭ್ಯಾಸದ ಮಗುವಿನ ಮರಳಿನ ಹಲಗೆಯನ್ನು ನೋಡಿ, ಇದರಲ್ಲಿ ತರ್ಕಶಾಸ್ತ್ರವಿಲ್ಲವೆಂದು ಪಂಡಿತನು ಮುನಿದಂತಾಗಲಿಲ್ಲವೇ?

ಇದಕ್ಕೆ ಸಮಾಧಾನವನ್ನು ವೇದಾಂತಿಗಳು ಬಳಸುವ ಅರುಂಧತೀನ್ಯಾಯದಲ್ಲಿ ಹುಡುಕಬಹುದು. ಅರುಂಧತೀ ನಕ್ಷತ್ರವು ಅತಿ ಸೂಕ್ಷ್ಮವಾದುದು; ಹೊಸದಾಗಿ ನೋಡುವವನಿಗೆ ಕಾಣುವುದಿಲ್ಲ. ಆದುದರಿಂದ ತೋರಿಸುವವನು ಮೊದಲು ಸಮೀಪದಲ್ಲಿರುವ ದೊಡ್ಡ ತಾರೆಯನ್ನು ತೋರಿಸಿ, ಅದೇ ಅರುಂಧತಿಯೆನ್ನುತ್ತಾನೆ. ಕಣ್ಣು ಅಲ್ಲಿ ನಿಂತಮೇಲೆ, ಅದಲ್ಲ, ಅದರ ಮಗ್ಗುಲಲ್ಲಿರುವುದು ಎಂದು ನಿಜವಾದುದನ್ನು ಹಿಡಿಸುತ್ತಾನೆ. ಸ್ಥೂಲವನ್ನು ತೋರಿಸಿದ್ದು ತಪ್ಪಲ್ಲ. ಅದು ಸೂಕ್ಷ್ಮಕ್ಕೆ ದಾರಿಯಾಗಿತ್ತು. ಆದರೆ ತೋರಿಸುವವನು ದೊಡ್ಡ ತಾರೆಯಲ್ಲಿಯೇ ನಿಲ್ಲಿಸಿ, ನೋಡಿದ್ದಾಯಿತು ಮನೆಗೆ ಹೋಗು ಎಂದರೆ, ಅದು ಉಪದೇಶವಲ್ಲ, ವಂಚನೆ. ಸುಲಭಪಡಿಸುವಿಕೆಯು ಸಾಧುವೇ ಅಲ್ಲವೇ ಎಂಬುದನ್ನು ಅಳೆಯುವ ಕೋಲು ಇದೇ. ಅದು ತನ್ನಿಂದಾಚೆಗೆ ಕೊಂಡೊಯ್ಯುತ್ತದೆಯೇ, ಅಥವಾ ತನ್ನಲ್ಲಿಯೇ ಕಟ್ಟಿಹಾಕುತ್ತದೆಯೇ?

ಈ ಕೋಲಿನಿಂದ ಅಳೆದರೆ ಅದೇ ಸಂಸ್ಥೆಯು ೧೯೬೯ರಲ್ಲಿ ಹೊರತಂದ ಡೂಪ್ಲೊ ಎಂಬ ಇಟ್ಟಿಗೆಯು ನಿರ್ದೋಷವಾದುದು. ಅದು ಸಾಮಾನ್ಯ ಇಟ್ಟಿಗೆಗಿಂತ ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಎರಡು ಪಟ್ಟು. ಎಳೆಯ ಕೈಗೆ ಒಪ್ಪುವಂಥದು, ಬಾಯಿಗೆ ಹೋಗದಂಥದು. ಆದರೂ ಅದು ಇಟ್ಟಿಗೆಯೇ. ಮಗುವು ಅದರಿಂದ ಗೋಡೆಯನ್ನು ಕಟ್ಟಬೇಕು, ಗೋಡೆ ಬೀಳಬೇಕು, ಸಂದು ತಪ್ಪಿಸಿ ಇಟ್ಟರೆ ನಿಲ್ಲುತ್ತದೆಂಬುದನ್ನು ತಾನೇ ಕಾಣಬೇಕು. ಅಷ್ಟೇ ಅಲ್ಲ, ದೊಡ್ಡ ಇಟ್ಟಿಗೆಯ ಮೇಲೆ ಚಿಕ್ಕ ಇಟ್ಟಿಗೆಯು ಕೂರುವಂತೆ ಅಳತೆಯನ್ನು ಇಟ್ಟಿದ್ದಾರೆ. ಮಗುವು ಬೆಳೆದಂತೆ ಒಂದರಿಂದ ಮತ್ತೊಂದಕ್ಕೆ ಹತ್ತಿಹೋಗಬಹುದು. ಇದನ್ನು ಕುರಿತು ಹವ್ಯಾಸಿಗಳು ದೂರಲಿಲ್ಲ. ಅವರು ದೂರಿದ್ದು ಒಂದೇ ತುಂಡಿನ ಗೋಡೆಯನ್ನು. ಆ ಗೋಡೆಯು ಗೋಡೆಯಲ್ಲದೆ ಬೇರೇನೂ ಆಗಲಾರದು. ಅದನ್ನು ಇಟ್ಟ ಮಗುವಿಗೆ ಗೋಡೆ ಹೇಗೆ ನಿಲ್ಲುತ್ತದೆಂಬುದು ತಿಳಿಯುವ ದಾರಿಯೂ ಇಲ್ಲ. ಡೂಪ್ಲೊ ಮಗುವಿನ ಬೆರಳಿಗೆ ಸಹಾಯಮಾಡಿತು. ಸಿದ್ಧಗೋಡೆಯು ಮಗುವಿನ ಬುದ್ಧಿಗೆ ರಜಾ ಕೊಟ್ಟಿತು.

ಎರಡನೆಯ ಆಕ್ಷೇಪಣೆಯು ಇನ್ನೂ ಹರಿತವಾದುದು. ಈ ಹವ್ಯಾಸಿಗಳ ನಿರಾಶೆಗೆ ಮೂಲವು ಮಕ್ಕಳ ಹಿತಚಿಂತನೆಯಲ್ಲ, ಮಮಕಾರ; ತಾವು ಆಡಿದ್ದೇ ಆಟ, ತಮ್ಮ ಬಾಲ್ಯವೇ ಬಾಲ್ಯ, ಅದು ಮಾರ್ಪಡಬಾರದೆಂಬ ಹಟ. ಈ ಆಕ್ಷೇಪಣೆಗೆ ಆಧಾರವಿಲ್ಲದೆ ಇಲ್ಲ. ೨೦೦೪ರ ಸುಮಾರಿನಲ್ಲಿ ಸಂಸ್ಥೆಯು ತನ್ನ ಬೂದುಬಣ್ಣಗಳನ್ನು ಸ್ವಲ್ಪ ನೀಲಿಯ ಕಡೆಗೆ ತಿರುಗಿಸಿದಾಗಲೂ ವಯಸ್ಕರಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಗುವು ಆ ಭೇದವನ್ನು ಗಮನಿಸುವುದೇ ಅಪರೂಪ. ಹಳೆಯ ಬೂದು ತುಂಡುಗಳನ್ನು ಸಾವಿರಗಟ್ಟಲೆ ಕೂಡಿಟ್ಟವನಿಗೆ ಮಾತ್ರ ಅದು ನಷ್ಟ. ಏಕೆಂದರೆ ಹಳೆಯ ಗೋಡೆಗೆ ಹೊಸ ಇಟ್ಟಿಗೆ ಬಣ್ಣದಲ್ಲಿ ಹೊಂದುವುದಿಲ್ಲ. ಇಲ್ಲಿ ನೊಂದದ್ದು ಬಹುಮಟ್ಟಿಗೆ ಸಂಗ್ರಹಿಸಿದವನ ಮನಸ್ಸೆಂದು ಒಪ್ಪಬೇಕು.

ಆದರೆ ದೂರುವವನಲ್ಲಿ ಮಮಕಾರವುಂಟೆಂದಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಗದ್ದೆಯ ಮೇಲೆ ಮಮಕಾರವುಳ್ಳ ರೈತನೇ ಕೆರೆಯ ಏರಿ ಬಿರಿದುದನ್ನು ಮೊದಲು ಕಾಣುತ್ತಾನೆ. ನೋಡತಕ್ಕದ್ದು ಹೇಳಿದವನ ಭಾವವನ್ನಲ್ಲ, ಹೇಳಿದ ಸಂಗತಿಯನ್ನು. ಬೂದುಬಣ್ಣದ ದೂರಿನಿಂದ ದೂರುವವನನ್ನು ತೆಗೆದುಹಾಕಿದರೆ ಉಳಿಯುವುದು ಅಲ್ಪ. ಸಿದ್ಧಗೋಡೆಯ ದೂರಿನಿಂದ ಅವನನ್ನು ತೆಗೆದುಹಾಕಿದರೂ ನಷ್ಟವು ಹಾಗೆಯೇ ಉಳಿಯುತ್ತದೆ; ಏಕೆಂದರೆ ನಷ್ಟ ಹೊಂದಿದವನು ಅವನಲ್ಲ, ಮಗು. ಆ ಮಗುವಿಗೆ ತನ್ನ ನಷ್ಟವು ತಿಳಿಯುವುದು ಶಕ್ಯವಿಲ್ಲ. ಕಟ್ಟುವ ಸುಖವನ್ನು ಕಾಣದವನು ಅದರ ಅಭಾವವನ್ನು ಹೇಗೆ ದೂರಿಯಾನು? ಆದುದರಿಂದಲೇ, ಆಟಿಕೆಯ ಗುಣದೋಷವನ್ನು ಹೇಳತಕ್ಕವರು ಮಕ್ಕಳೇ ಎಂಬ ಮೊದಲಿನ ಮಾತು ಪೂರ್ತಿಯಾಗಿ ನಿಲ್ಲುವುದಿಲ್ಲ. ಮಗುವು ಹಿಂದೆ ಏನಿತ್ತೆಂಬುದನ್ನು ಅರಿಯದು; ಅರಿತವನು ಸಾಕ್ಷಿ ಹೇಳಬೇಕು. ವಯಸ್ಕನಿಗೆ ಇಲ್ಲಿರುವ ಅಧಿಕಾರವು ಒಡೆಯನದಲ್ಲ, ಸಾಕ್ಷಿಯದು.

ಈ ಬಗೆಯ ಸೌಕರ್ಯವು ತಯಾರಕರಿಗೂ ಸೌಕರ್ಯವಾಗಲಿಲ್ಲವೆಂಬುದು ಗಮನಿಸತಕ್ಕ ವಿಚಿತ್ರ. ಕೆಲವೇ ತುಂಡುಗಳಿಂದ ಎಲ್ಲವನ್ನೂ ಕಟ್ಟುವ ಲಾಘವವನ್ನು ಬಿಟ್ಟಮೇಲೆ, ಒಂದೊಂದು ಕೆಲಸಕ್ಕೂ ಒಂದೊಂದು ವಿಶೇಷವಾದ ತುಂಡು ಬೇಕಾಗುತ್ತದೆ. ಒಂದೊಂದು ತುಂಡಿಗೂ ಬಹುಮೌಲ್ಯದ ಅಚ್ಚು ಬೇಕು. ೧೯೯೭ರ ಸುಮಾರಿಗೆ ಆರು ಸಾವಿರದಷ್ಟಿದ್ದ ತುಂಡುಗಳ ಪ್ರಭೇದವು ೨೦೦೪ರ ವೇಳೆಗೆ ಹನ್ನೆರಡು ಸಾವಿರವನ್ನು ಮೀರಿತು. ಮಗುವಿಗೆ ಸುಲಭಮಾಡಹೊರಟು ಕಾರ್ಖಾನೆಗೆ ಗೋಜಲಾಯಿತು. ೨೦೦೩ ಮತ್ತು ೨೦೦೪ರಲ್ಲಿ ಸಂಸ್ಥೆಯು ಭಾರಿ ನಷ್ಟಕ್ಕೆ ಗುರಿಯಾಯಿತು. ಇದಕ್ಕೆ ಸರಳಗೊಳಿಸಿದ ಪೆಟ್ಟಿಗೆಗಳೇ ಕಾರಣವೆನ್ನುವುದು ಅನ್ಯಾಯ; ವಿಹಾರೋದ್ಯಾನಗಳು, ದೃಶ್ಯಾಟಗಳು, ಉಡುಪುಗಳು ಎಂದು ನಾನಾ ವ್ಯವಹಾರಗಳಲ್ಲಿ ಕೈಯಿಕ್ಕಿದ್ದೂ ಕಾರಣವಾಗಿತ್ತು. ಆದರೆ ೨೦೦೪ರಲ್ಲಿ ಮನೆತನದ ಹೊರಗಿನವರಲ್ಲಿ ಮೊದಲಿಗನಾಗಿ ಮುಖ್ಯಾಧಿಕಾರವನ್ನು ವಹಿಸಿದ ಯೋರ್ಗೆನ್ ವಿಗ್ ಕ್ನುಡ್‌ಸ್ಟಾರ್ಪ್ ಎಂಬಾತನು ಕೈಗೊಂಡ ಮೊದಲ ಕೆಲಸಗಳಲ್ಲಿ ತುಂಡುಗಳ ಪ್ರಭೇದವನ್ನು ಸುಮಾರು ಅರ್ಧಕ್ಕೆ ಇಳಿಸುವುದೂ, ಮರಳಿ ಇಟ್ಟಿಗೆಯನ್ನೇ ನೆಚ್ಚುವುದೂ ಸೇರಿದ್ದುವು. ವೈಯಾಕರಣನ ಹಬ್ಬವನ್ನು ವಣಿಜನೂ ಆಚರಿಸಬೇಕಾಯಿತು.

ಆ ಬಳಿಕ ಹವ್ಯಾಸಿಗಳ ಮಾತಿಗೆ ಬೆಲೆ ಬಂದಿತು. ಯಂತ್ರಮಾನವರನ್ನು ಕಟ್ಟುವ ಮೈಂಡ್‌ಸ್ಟಾರ್ಮ್ಸ್ ಎಂಬ ಪೆಟ್ಟಿಗೆಯನ್ನು ೨೦೦೬ರಲ್ಲಿ ಹೊಸದಾಗಿ ರೂಪಿಸುವ ಮೊದಲು ಸಂಸ್ಥೆಯು ವಯಸ್ಕ ಹವ್ಯಾಸಿಗಳನ್ನು ಕರೆದು ಸಲಹೆ ಕೇಳಿತು. ೨೦೦೭ರಲ್ಲಿ ಬೀದಿಯ ಮೂಲೆಯ ಉಪಾಹಾರಗೃಹವೊಂದರ ಮಾದರಿಯು ಎರಡು ಸಾವಿರಕ್ಕೂ ಮಿಕ್ಕ ತುಂಡುಗಳೊಡನೆ, ಬಹುತೇಕ ಸಾಮಾನ್ಯವಾದ ಇಟ್ಟಿಗೆಗಳಿಂದಲೇ ಕಟ್ಟುವಂತೆ ಬಂದಿತು. ೨೦೨೦ರಿಂದೀಚೆಗೆ ಹದಿನೆಂಟು ವರ್ಷ ಮೀರಿದವರಿಗೆಂದೇ ಹಣೆಪಟ್ಟಿ ಹೊತ್ತ ಪೆಟ್ಟಿಗೆಗಳು ಬರುತ್ತಿವೆ. ಆ ವರ್ಷ ಬಂದ ರೋಮಾಪುರದ ಕೊಲೊಸಿಯಮಿನ ಮಾದರಿಯಲ್ಲಿ ೯,೦೩೬ ತುಂಡುಗಳಿದ್ದುವು. ದೂರಿದವರು ಗೆದ್ದರೆಂದು ಇಲ್ಲಿಗೆ ಕಥೆಯನ್ನು ಮುಗಿಸಬಹುದಾಗಿತ್ತು.

ಆದರೆ ವಿಚಾರವು ಇಲ್ಲಿ ಮುಗಿಯುವುದಿಲ್ಲ. ಕಠಿನವಾದ ಭಾಗವು ಇಲ್ಲಿಂದಲೇ ಆರಂಭವಾಗುತ್ತದೆ. ಒಂಬತ್ತು ಸಾವಿರ ತುಂಡುಗಳ ಪೆಟ್ಟಿಗೆಯೊಡನೆ ದಪ್ಪನಾದ ಕೈಪಿಡಿಯೂ ಬರುತ್ತದೆ. ಅದರಲ್ಲಿ ಹೆಜ್ಜೆ ಹೆಜ್ಜೆಗೂ, ಈಗ ಬೇಕಾದವು ಇಂಥ ನಾಲ್ಕು ತುಂಡುಗಳು, ಇಡತಕ್ಕ ಸ್ಥಳ ಇದು ಎಂದು ಚಿತ್ರಿಸಿರುತ್ತಾರೆ. ಆ ನಾಲ್ಕು ತುಂಡುಗಳನ್ನು ಸೂಚಿಸಿದಲ್ಲಿ ಇಡುವುದಕ್ಕೆ ತಾಳ್ಮೆ ಬೇಕು, ಯೋಚನೆ ಬೇಕಾಗಿಲ್ಲ. ಹೀಗೆ ವಾರಗಟ್ಟಲೆ ಕುಳಿತು ಮುಗಿಸಿದ ವಯಸ್ಕನು ಆ ಮಾದರಿಯನ್ನು ಗಾಜಿನ ಬೀರುವಿನಲ್ಲಿಟ್ಟು, ಮತ್ತೆ ಕೈಮುಟ್ಟದೆ ಹೋದರೆ, ಅವನಿಗೂ ಜಾಕ್ ಸ್ಟೋನನ ವಾಹನವನ್ನು ನಾಲ್ಕು ನಿಮಿಷದಲ್ಲಿ ಮುಗಿಸಿದ ಮಗುವಿಗೂ ಭೇದವೇನು? ತುಂಡುಗಳ ಸಂಖ್ಯೆಯಲ್ಲಿ ಭೇದ, ಕರ್ತೃತ್ವದಲ್ಲಿ ಭೇದವಿಲ್ಲ. ಸಂಖ್ಯಾಬಾಹುಳ್ಯವನ್ನು ಕಾಠಿನ್ಯವೆಂದು ಎಣಿಸಬಾರದು. ಒಂದೇ ತುಂಡಿನ ಗೋಡೆಯು ಯೋಚನೆಯನ್ನು ಮುಂದಿನ ಬಾಗಿಲಿನಿಂದ ಹೊರಗೆ ಕಳುಹಿಸಿದರೆ, ಒಂಬತ್ತು ಸಾವಿರ ತುಂಡುಗಳ ಆಜ್ಞಾಪತ್ರವು ಹಿತ್ತಲ ಬಾಗಿಲಿನಿಂದ ಕಳುಹಿಸುತ್ತದೆ. ಮಕ್ಕಳ ಪೆಟ್ಟಿಗೆಯಲ್ಲಿ ಸೌಕರ್ಯವನ್ನು ಕಂಡು ಸಿಡಿಮಿಡಿಗೊಂಡವನು ತನ್ನ ಪೆಟ್ಟಿಗೆಯಲ್ಲಿ ಅದನ್ನು ಗುರುತಿಸದೆ ಹೋಗುವುದು ಸಂಭವ.

ಹಾಗಾದರೆ ಕೈಪಿಡಿಯನ್ನು ಸುಟ್ಟುಬಿಡಬೇಕೇ? ಹಾಗಲ್ಲ. ಅನುಕರಣವು ಅಭ್ಯಾಸದ ಮೊದಲ ಮೆಟ್ಟಲು. ಪಾಠಶಾಲೆಯ ವಟುವು ಅರ್ಥವರಿಯದೆ ರೂಪಾವಳಿಯನ್ನು ಕಂಠಪಾಠಮಾಡುತ್ತಾನೆ. ಸಂಗೀತ ಕಲಿಯುವವನು ಸರಳೆ ಜಂಟಿವರಸೆಗಳನ್ನು ಹೇಳಿಕೊಟ್ಟಂತೆಯೇ ಹಾಡುತ್ತಾನೆ. ಬಲ್ಲವನು ಕಟ್ಟಿದ್ದನ್ನು ಹೆಜ್ಜೆ ತಪ್ಪದೆ ಮರಳಿ ಕಟ್ಟಿದರೆ, ಸಂದನ್ನು ಹೇಗೆ ಮುಚ್ಚಿದ, ಕಮಾನನ್ನು ಹೇಗೆ ನಿಲ್ಲಿಸಿದ ಎಂಬ ಮರ್ಮವು ಕೈಗೆ ತಿಳಿಯುತ್ತದೆ. ಆದರೆ ರೂಪಾವಳಿಯು ವಾಕ್ಯವನ್ನು ರಚಿಸುವುದಕ್ಕಾಗಿ. ವರಸೆಗಳು ರಾಗವನ್ನು ವಿಸ್ತರಿಸುವುದಕ್ಕಾಗಿ. ಇಲ್ಲಿಯೂ ಅರುಂಧತಿಯ ಕೋಲಿನಿಂದಲೇ ಅಳೆಯಬೇಕು. ಕೈಪಿಡಿಯನ್ನು ಮುಚ್ಚಿದ ಮೇಲೆ ಆತನು ಏನು ಮಾಡುತ್ತಾನೆ? ಕಟ್ಟಿದ್ದನ್ನು ಕೆಡವಿ ತನ್ನದೊಂದನ್ನು ಕಟ್ಟುವನಾದರೆ ಕೈಪಿಡಿಯು ಗುರುವಾಯಿತು. ಕೆಡವಲು ಅಂಜುವನಾದರೆ ಅದು ಯಜಮಾನನಾಯಿತು. ಆತನು ವಯಸ್ಕನಾಗಲಿ ಮಗುವಾಗಲಿ ಈ ಮಾತಿನಲ್ಲಿ ವ್ಯತ್ಯಾಸವಿಲ್ಲ.

ಕ್ರಿಯೆಯಲ್ಲಿ ಯಾರು ಸ್ವತಂತ್ರನೋ ಅವನೇ ಕರ್ತೃವೆಂಬುದು ವ್ಯಾಕರಣದ ನಿರ್ಣಯ. ಉಳಿದುದೆಲ್ಲ ಕರಣ, ಅಧಿಕರಣ ಮೊದಲಾದ ಕಾರಕಗಳು. ನೀತಿಯಲ್ಲಿಯೂ ಇದೇ ನಿರ್ಣಯವು ಸಲ್ಲುತ್ತದೆ. ತಪ್ಪುವ ಅವಕಾಶವಿಲ್ಲದಲ್ಲಿ ಸ್ವಾತಂತ್ರ್ಯವಿಲ್ಲ; ಸ್ವಾತಂತ್ರ್ಯವಿಲ್ಲದಲ್ಲಿ ಕರ್ತೃವಿಲ್ಲ. ಮಗುವಿನ ಗೋಪುರವು ಬೀಳದಂತೆ ಮುಂದಾಗಿ ಎಲ್ಲವನ್ನೂ ಅಂಟಿಸಿಕೊಟ್ಟ ಹಿರಿಯನು ಮಗುವನ್ನು ಅಳುವಿನಿಂದ ಉಳಿಸಿದನು, ನಿಜ. ಆದರೆ ಅದರೊಡನೆಯೇ, ನಾನು ಕಟ್ಟಿದೆ ಎಂಬ ಮಾತನ್ನೂ ಅದರ ಬಾಯಿಂದ ಕಸಿದುಕೊಂಡನು. ಕೈಯಲ್ಲಿ ಉಳಿದುದು ವಾಹನ, ಕಳೆದುಹೋದುದು ಕರ್ತೃತ್ವ. ಇಂಥ ಸುಲಭಪಡಿಸುವಿಕೆಯ ಬುಡದಲ್ಲಿ ದಯೆ ಮಾತ್ರವಲ್ಲ, ಒಂದು ಬಗೆಯ ಅವಿಶ್ವಾಸವೂ ಇದೆ. ಇವನಿಂದಾಗದು, ಇವನಿಗೆ ಸಹನೆಯಿಲ್ಲ, ಇವನು ಬೇಸರಗೊಂಡಾನು ಎಂದು ಕೇಳದೆಯೇ ತೀರ್ಮಾನಿಸಿಬಿಡುವುದು ಅವಿಶ್ವಾಸವಲ್ಲದೆ ಮತ್ತೇನು? ಮಗುವಿನ ಶಕ್ತಿಯನ್ನು ಕಡಮೆಯಾಗಿ ಎಣಿಸುವುದು, ಪೆಟ್ಟಿಗೆಯ ಶಕ್ತಿಯನ್ನು ಕಡಮೆಯಾಗಿ ಎಣಿಸಿದ ಆ ಹಳೆಯ ಲೆಕ್ಕಕ್ಕಿಂತ ಹೆಚ್ಚಿನ ದೋಷ. ಏಕೆಂದರೆ ಪೆಟ್ಟಿಗೆಯು ತನ್ನನ್ನು ಎಣಿಸಿದಂತೆ ಕುಗ್ಗುವುದಿಲ್ಲ, ಮಗುವು ಕುಗ್ಗುತ್ತದೆ.

ಇದರಿಂದ ಕಷ್ಟವನ್ನು ಕಷ್ಟಕ್ಕೋಸ್ಕರವೇ ಹೊಗಳಿದಂತಾಗಬಾರದು. ಗೂಢವಾಗಿ ಬರೆದ ಪುಸ್ತಕವು ಆಳವಾದ ಪುಸ್ತಕವಲ್ಲ; ಬೆರಳಿಗೆ ಒಗ್ಗದ ಬೋಲ್ಟು ಉತ್ತಮವಾದ ಆಟಿಕೆಯಲ್ಲ. ಹಾರ್ನ್‌ಬಿಯೂ ಸುಲಭಪಡಿಸಿದನು, ಪಾಣಿನಿಯೂ ಸುಲಭಪಡಿಸಿದನು. ಬೇಡದ ತೊಡಕನ್ನು ತೆಗೆಯುವುದು ಉಪಕಾರ. ಬೇಕಾದ ಪ್ರಯತ್ನವನ್ನು ತೆಗೆಯುವುದು ಅಪಹಾರ. ದಾರಿಯ ಮುಳ್ಳನ್ನು ಗುಡಿಸಬೇಕು; ನಡೆಯುವವನನ್ನು ಹೊತ್ತುಕೊಂಡು ಹೋಗಬಾರದು. ಶಾಲೆಯ ಪಾಠಪುಸ್ತಕಕ್ಕೂ, ಪರೀಕ್ಷೆಯ ಮುನ್ನಾದಿನ ಮಾರಾಟವಾಗುವ ಸಿದ್ಧೋತ್ತರಗಳ ಪುಸ್ತಿಕೆಗೂ ಇರುವ ಅಂತರವು ಇದೇ. ಸಿದ್ಧೋತ್ತರವನ್ನು ಓದಿದ ಹುಡುಗನು ತೇರ್ಗಡೆಯಾಗಬಹುದು. ಪ್ರಶ್ನೆಯನ್ನು ಸ್ವಲ್ಪ ಓರೆಮಾಡಿ ಕೇಳಿದರೆ ಅವನ ಗೋಡೆಯು ಒಂದೇ ತುಂಡಿನದೆಂಬುದು ಬಯಲಾಗುತ್ತದೆ.

ಆದುದರಿಂದ ಕಿರಿಯರಿಗೆ ಪುಸ್ತಕವನ್ನಾಗಲಿ ಪೆಟ್ಟಿಗೆಯನ್ನಾಗಲಿ ಆರಿಸಿಕೊಡುವ ಹಿರಿಯರು ಕೇಳಿಕೊಳ್ಳಬೇಕಾದ ಪ್ರಶ್ನೆಯು, ಇದು ಎಷ್ಟು ಬೇಗ ಮುಗಿಯುತ್ತದೆಂಬುದಲ್ಲ. ಮುಗಿದ ಮೇಲೆ ಇದರಿಂದ ಮತ್ತೇನನ್ನು ಕಟ್ಟಬಹುದೆಂಬುದು. ತೋರಿಸಿದಂತೆ ಮಾಡಿ ಮುಗಿಸುವುದಕ್ಕೆ ಒಂದೇ ದಾರಿ. ಬಿಚ್ಚಿ ನೆಲದ ಮೇಲೆ ಸುರಿದ ಆರು ಇಟ್ಟಿಗೆಗಳ ಮುಂದೆ ಕುಳಿತ ಮಗುವಿಗಾದರೋ ತೊಂಬತ್ತೊಂದು ಕೋಟಿಗೂ ಮೀರಿದ ದಾರಿಗಳಿವೆ. ಅವುಗಳಲ್ಲಿ ಬಹುಪಾಲು ಬಿದ್ದುಹೋಗತಕ್ಕವೇ ಆಗಿದ್ದರೂ, ಯಾವುದು ನಿಲ್ಲುತ್ತದೆಂಬುದನ್ನು ಮಗುವೇ ಕಂಡುಕೊಳ್ಳಲಿ.